ಆಲ್ಫಾ 0.88 ಬಂದಿದೆ, ಆದರೂ ಗೈಡ್ ಒಪ್ಪುತ್ತಿಲ್ಲ

ಪ್ರಶ್ನೆ: ನಮಸ್ಕಾರ. ನಾನು ಡೊಂಬಿವಲಿಯಲ್ಲಿದ್ದೇನೆ, ಎಂ.ಎ. ಸೈಕಾಲಜಿ ಕೊನೆಯ ವರ್ಷ. ಮುಂಬೈನ ಹೋಟೆಲ್‌ಗಳಲ್ಲಿ ಕೆಲಸ ಮಾಡುವ ಕನ್ನಡಿಗರ ಒತ್ತಡದ ಬಗ್ಗೆ ಡಿಸರ್ಟೇಶನ್ ಮಾಡುತ್ತಿದ್ದೇನೆ. ಮಾಟುಂಗಾ, ವಡಾಲಾ, ಡೊಂಬಿವಲಿ ಕಡೆಯ 120 ಜನರಿಂದ ಫಾರ್ಮ್ ತುಂಬಿಸಿದ್ದೇನೆ. ಒತ್ತಡ ಅಳೆಯುವ, 10 ಪ್ರಶ್ನೆಗಳ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲನ್ನು ನಾನೇ ಕನ್ನಡಕ್ಕೆ ತಂದುಕೊಂಡೆ. ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) ಮೊದಲು 0.61 ಬಂತು. ನಾಲ್ಕು ಪ್ರಶ್ನೆ ತೆಗೆದ ಮೇಲೆ 0.88 ಆಯಿತು. ಉಳಿದ ಆರು ಪ್ರಶ್ನೆಗಳಲ್ಲಿ 24ಕ್ಕೆ 12 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ತೀವ್ರ ಒತ್ತಡದವರು ಅಂತ ಸೇರಿಸಿದೆ. ಅವರು 78 ಜನ, ಶೇ. 65. ರಾತ್ರಿ ಶಾಲೆಗೆ ಹೋಗುವುದರಿಂದ ಒತ್ತಡ ಕಡಿಮೆಯಾಗುತ್ತದೆ ಅಂತಲೂ ಬರೆದಿದ್ದೇನೆ. ಗೈಡ್ ಮಾತ್ರ 'ವ್ಯಾಲಿಡಿಟಿ ಎಲ್ಲಿದೆ?', ಅಂದರೆ ಅಳೆಯಬೇಕಾದದ್ದನ್ನೇ ಅಳೆದಿದ್ದೀಯಾ, ಅಂತ ಕೇಳುತ್ತಲೇ ಇದ್ದಾರೆ. ಸ್ಕೇಲ್ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ, ಆಲ್ಫಾ ಚೆನ್ನಾಗಿದೆ, ಇನ್ನೇನು ಬೇಕು? ಒಬ್ಬ ಹೋಟೆಲ್ ಮಾಲೀಕರು ತಮ್ಮ ಹುಡುಗರ ಸ್ಕೋರ್ ಕೇಳಿದ್ದಾರೆ, ಕೊಡಬಹುದಾ? ವೈವಾಗೆ ಎರಡು ತಿಂಗಳಿದೆ.

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಅದು ಕಾಯುವ ವಿಷಯ ಅಲ್ಲ. ಮಾಲೀಕರಿಗೆ ಸ್ಕೋರ್ ಕೊಡಬೇಡಿ. ಹೆಸರು ತೆಗೆದು ಕೊಡುತ್ತೇನೆ ಅಂದರೂ ಬೇಡ. ಹತ್ತು ಹನ್ನೆರಡು ಜನ ಇರುವ ಹೋಟೆಲ್‌ನಲ್ಲಿ ವಯಸ್ಸು, ಊರು, ಕೆಲಸ ಇಷ್ಟು ಗೊತ್ತಾದರೆ ಸಾಕು, ಯಾರು ಅಂತ ಮಾಲೀಕರಿಗೆ ತಿಳಿದೇ ತಿಳಿಯುತ್ತದೆ. ಯಾರಿಗೂ ತೋರಿಸುವುದಿಲ್ಲ ಅನ್ನುವ ಭರವಸೆಯ ಮೇಲೆ ಆ ಹುಡುಗರು ಫಾರ್ಮ್ ತುಂಬಿರುತ್ತಾರೆ. ಅದನ್ನು ಮುರಿಯುವ ಹಕ್ಕು ನಮಗಿಲ್ಲ. ಭರವಸೆಯ ಮಾತು ಹಾಗಿರಲಿ, ವ್ಯಾಲಿಡಿಟಿಯ ಲೆಕ್ಕದಲ್ಲೂ ಇದು ಯಾಕೆ ತಪ್ಪು ಅಂತ ಮುಂದೆ ಹೇಳುತ್ತೇನೆ.

ಈಗ ಗೈಡ್ ಕೇಳುತ್ತಿರುವ ವಿಷಯಕ್ಕೆ ಬರೋಣ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ನಿಮ್ಮ ಪತ್ರದಲ್ಲಿ ಎರಡು ನಂಬಿಕೆಗಳಿವೆ. ಒಂದು, ಈ ಸ್ಕೇಲ್ ಈಗಾಗಲೇ ವ್ಯಾಲಿಡ್ ಆಗಿದೆ. ಇನ್ನೊಂದು, ಆಲ್ಫಾ ಚೆನ್ನಾಗಿ ಬಂದರೆ ಮುಗಿಯಿತು. ಎರಡನ್ನೂ ಬಿಡಬೇಕು. 'ಈ ಸ್ಕೇಲ್ ವ್ಯಾಲಿಡ್' ಅನ್ನುವುದು ಅರ್ಧ ಮಾತು. ಯಾವ ಜನರಲ್ಲಿ, ಯಾವ ಭಾಷೆಯಲ್ಲಿ, ಏನು ಹೇಳುವುದಕ್ಕೆ ವ್ಯಾಲಿಡ್ ಅಂತ ಸೇರಿಸಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ನಾವು ಪರೀಕ್ಷೆಗೆ ಹಚ್ಚುವುದು ಸ್ಕೋರ್ ಇಟ್ಟುಕೊಂಡು ನಾವು ಹೇಳುವ ಮಾತನ್ನು. ಅಮೆರಿಕದ ಸ್ಯಾಮ್ಯುಯೆಲ್ ಮೆಸಿಕ್ 1989ರಲ್ಲಿ ಬರೆದ ದೊಡ್ಡ ಅಧ್ಯಾಯದ ತಿರುಳು ಇದೇ. ಸ್ಕೋರಿಗೆ ನಾವು ಕೊಡುವ ಅರ್ಥ, ಅದನ್ನು ನಾವು ಬಳಸುವ ರೀತಿ, ಈ ಎರಡಕ್ಕೂ ಪುರಾವೆ ಬೇಕು ಅಂತ ಅವರು ವಾದಿಸಿದರು. ಹಾಗೆ ನೋಡಿದರೆ ನಿಮ್ಮ ಡಿಸರ್ಟೇಶನ್‌ನಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ಈ ಅಂಕಿ ಒತ್ತಡವನ್ನು ತೋರಿಸುತ್ತದೆ ಅನ್ನುವುದು ಒಂದು. ಶೇ. 65 ಜನರಿಗೆ ತೀವ್ರ ಒತ್ತಡ ಇದೆ ಅನ್ನುವುದು ಇನ್ನೊಂದು. ರಾತ್ರಿ ಶಾಲೆಯಿಂದ ಒತ್ತಡ ಇಳಿಯುತ್ತದೆ ಅನ್ನುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು. ಒಂದರ ಪುರಾವೆ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಆಲ್ಫಾ ಹೇಳುವುದು ಬಹಳ ಸಣ್ಣ ವಿಷಯ. ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಹೊಂದಿಕೊಂಡು ಏರುತ್ತವಾ, ಇಳಿಯುತ್ತವಾ ಅನ್ನುವುದಷ್ಟೇ. ಯಾಕೆ ಹೊಂದಿಕೊಂಡಿವೆ ಅಂತ ಅದು ಹೇಳುವುದಿಲ್ಲ. 'ಟೆನ್ಷನ್ ಆಗುತ್ತಾ', 'ತುಂಬಾ ಟೆನ್ಷನ್ ಆಗುತ್ತಾ', 'ಟೆನ್ಷನ್ ಜಾಸ್ತಿ ಅನ್ನಿಸುತ್ತಾ' ಅಂತ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿ ನೋಡಿ, ಆಲ್ಫಾ ಮೇಲಕ್ಕೆ ಹೋಗುತ್ತದೆ. ಪ್ರಶ್ನೆಗಳ ಸಂಖ್ಯೆ ಹೆಚ್ಚಿಸಿದರೂ ಹೋಗುತ್ತದೆ. ಎಲ್ಲರೂ ಪಕ್ಕದಲ್ಲಿ ನಿಂತ ಮ್ಯಾನೇಜರ್‌ಗೆ ಹೆದರಿ ಉತ್ತರ ಕೊಟ್ಟರೂ ಹೋಗಬಹುದು, ಯಾಕೆಂದರೆ ಆ ಹೆದರಿಕೆ ಎಲ್ಲ ಪ್ರಶ್ನೆಗಳಲ್ಲೂ ಒಂದೇ ಥರ ಕೆಲಸ ಮಾಡುತ್ತದೆ. ಉತ್ತರಗಳಲ್ಲಿ ಹೊಂದಿಕೆಯೇ ಇಲ್ಲದಿದ್ದರೆ ಸ್ಕೋರಿಗೆ ಅರ್ಥವಿಲ್ಲ, ಅದು ನಿಜ. ಹಾಗಾಗಿ ರಿಲಯಬಿಲಿಟಿ, ಅಂದರೆ ಈ ಹೊಂದಿಕೆ, ಬೇಕೇ ಬೇಕು. ಆದರೆ ಅದು ಇದ್ದ ಮಾತ್ರಕ್ಕೆ ವ್ಯಾಲಿಡಿಟಿ ಬಂದುಬಿಡುವುದಿಲ್ಲ. ಆಲ್ಫಾದ ಮೇಲೆ ಪ್ರಸಿದ್ಧ ಲೇಖನ ಬರೆದವರು ಲೀ ಕ್ರಾನ್‌ಬಾಕ್, 1951ರಲ್ಲಿ. ನಾಲ್ಕೇ ವರ್ಷಕ್ಕೆ, 1955ರಲ್ಲಿ, ಅದೇ ಕ್ರಾನ್‌ಬಾಕ್ ಪಾಲ್ ಮೀಲ್ ಜೊತೆ ಸೇರಿ ಕನ್‌ಸ್ಟ್ರಕ್ಟ್ ವ್ಯಾಲಿಡಿಟಿಯ ಬಗ್ಗೆ ಬರೆದರು. ಆತಂಕ, ಬುದ್ಧಿಶಕ್ತಿ, ಒತ್ತಡ ಇವನ್ನೆಲ್ಲ ಕಣ್ಣಿಂದ ನೋಡುವುದಕ್ಕೆ ಆಗುವುದಿಲ್ಲ. ಹೋಲಿಸಿ ನೋಡಲು ಒಂದೇ ಒಂದು ಖಚಿತ ಅಳತೆಯೂ ಇರುವುದಿಲ್ಲ. ಆಗ ಹಲವು ಕಡೆಯಿಂದ ಪುರಾವೆ ಕೂಡಿಸಬೇಕಾಗುತ್ತದೆ ಅನ್ನುವುದು ಅವರ ಮಾತು. ಆಲ್ಫಾ ಒಂದೇ ಸಾಕಾಗಿದ್ದರೆ ಅವರು ಎರಡನೆಯ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ.

ನಿಮ್ಮ ಕೆಲಸದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ನಾಲ್ಕು ಪ್ರಶ್ನೆಗಳು. ಯಾವ ನಾಲ್ಕು ಅಂತ ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಈ ಸ್ಕೇಲನ್ನು ಶೆಲ್ಡನ್ ಕೋಹೆನ್ ಮತ್ತು ಅವರ ಜೊತೆಗಾರರು 1983ರಲ್ಲಿ ಮಾಡಿದರು. ಆಗ 14 ಪ್ರಶ್ನೆ ಇದ್ದವು, ಆಮೇಲೆ 10ರದ್ದು ಬಂತು. ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಹೀಗೆ ಅನ್ನಿಸಿತು ಅಂತ ಕೇಳುತ್ತಾರೆ. ಉತ್ತರ 'ಎಂದೂ ಇಲ್ಲ'ದಿಂದ 'ಬಹಳ ಸಲ'ದವರೆಗೆ, 0ಯಿಂದ 4. ಹತ್ತರಲ್ಲಿ ಆರು ಪ್ರಶ್ನೆ ಕಷ್ಟದ ಕಡೆಯವು. ನಾಲ್ಕು ಪ್ರಶ್ನೆ ಒಳ್ಳೆಯ ಕಡೆಯವು: ನನ್ನ ಸಮಸ್ಯೆಗಳನ್ನು ನಿಭಾಯಿಸಬಲ್ಲೆ ಅನ್ನಿಸಿತು, ನಾನು ಅಂದುಕೊಂಡ ಹಾಗೇ ನಡೆಯುತ್ತಿದೆ ಅನ್ನಿಸಿತು, ಹೀಗೆ. ಈ ನಾಲ್ಕಕ್ಕೆ ರಿವರ್ಸ್ ಸ್ಕೋರಿಂಗ್ ಇದೆ, ಅಂದರೆ 0ಯನ್ನು 4, 4ನ್ನು 0 ಅಂತ ತಿರುಗಿಸಿ ಎಣಿಸಬೇಕು. ನೀವು ತೆಗೆದದ್ದು ಇವೇ ನಾಲ್ಕು ಇರಬೇಕು.

ಹಾಗಿದ್ದರೆ ಮೊದಲ ಕೆಲಸ, ಸಾಫ್ಟ್‌ವೇರ್‌ನಲ್ಲಿ ಆ ನಾಲ್ಕನ್ನು ತಿರುಗಿಸಿದ ಮೇಲೆ ಆಲ್ಫಾ ತೆಗೆದಿರಾ ಅಂತ ನೋಡಿ. ತಿರುಗಿಸುವುದನ್ನು ಮರೆತರೂ ಆಲ್ಫಾ ಹೀಗೇ ಬೀಳಬಹುದು. ವಿದ್ಯಾರ್ಥಿಗಳ ಡೇಟಾದಲ್ಲಿ ಇದು ಬಹಳ ಸಲ ಕಾಣುತ್ತದೆ, ಸರಿ ಮಾಡಲು ಐದು ನಿಮಿಷ ಸಾಕು.

ತಿರುಗಿಸಿದ್ದರೂ 0.61 ಬಂದಿದ್ದರೆ, ಕಂಪ್ಯೂಟರ್ ಪಕ್ಕಕ್ಕಿಟ್ಟು 120 ಫಾರ್ಮ್‌ಗಳನ್ನೂ ಕೈಯಲ್ಲಿ ಹಿಡಿದು ಒಂದೊಂದಾಗಿ ನೋಡಿ. ಒಂದೇ ಕಾಲಮ್‌ನಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಟಿಕ್ ಬಿದ್ದಿರುವ ಫಾರ್ಮ್ ಎಷ್ಟಿವೆ? ಒಬ್ಬರು ಹತ್ತಕ್ಕೆ ಹತ್ತೂ 'ಆಗಾಗ' ಅಂತ ಹಾಕಿದ್ದಾರೆ ಅಂದುಕೊಳ್ಳಿ. ಕಷ್ಟದ ಆರು ಪ್ರಶ್ನೆಗಳಲ್ಲಿ ಅವರಿಗೆ ಒತ್ತಡ ಜಾಸ್ತಿ ಇದೆ. ಒಳ್ಳೆಯ ಕಡೆಯ ನಾಲ್ಕರಲ್ಲಿ ಒತ್ತಡ ಕಡಿಮೆ ಇದೆ. ಎರಡೂ ಒಟ್ಟಿಗೆ ನಿಜವಾಗಿರುವ ಸಂಭವ ಕಡಿಮೆ. ಅವರು ಓದಿಲ್ಲ, ಅಥವಾ ಓದಿದ್ದು ಅರ್ಥವಾಗಿಲ್ಲ, ಅಥವಾ 'ಹೌದು' ಅಂದರೆ ಮೇಡಂಗೆ ಖುಷಿಯಾಗುತ್ತದೆ ಅಂದುಕೊಂಡಿದ್ದಾರೆ. ಇದನ್ನು ನಿಮಗೆ ತಿಳಿಸುವುದಕ್ಕೇ ಆ ನಾಲ್ಕು ಪ್ರಶ್ನೆಗಳು ಬೇಕಾಗಿದ್ದವು. ಅವನ್ನು ತೆಗೆದ ಕೂಡಲೇ ತೊಂದರೆ ಕಾಣದ ಹಾಗಾಯಿತು, ಆದರೆ ಹೋಗಲಿಲ್ಲ. ಆಲ್ಫಾ ಏರಿತು, ವ್ಯಾಲಿಡಿಟಿ ಇಳಿಯಿತು. ನಿಮ್ಮ ಗೈಡ್‌ಗೆ ಕಸಿವಿಸಿ ಆಗಿರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕಾರಣವೂ ಇರಬಹುದು, ನ್ಯಾಯವಾಗಿ ಅದನ್ನೂ ಹೇಳಬೇಕು. ಈ ಸ್ಕೇಲ್‌ನಲ್ಲಿ ಕಷ್ಟದ ಪ್ರಶ್ನೆಗಳು ಒಂದು ಗುಂಪಾಗಿ, ಒಳ್ಳೆಯ ಕಡೆಯವು ಇನ್ನೊಂದು ಗುಂಪಾಗಿ ನಿಲ್ಲುವುದು ಬೇರೆ ದೇಶಗಳಲ್ಲೂ ಕಂಡಿದೆ. ಅಂದರೆ ಎಲ್ಲ ತಪ್ಪೂ ನಿಮ್ಮದಲ್ಲ. ಎರಡು ಗುಂಪುಗಳ ಆಲ್ಫಾವನ್ನು ಬೇರೆ ಬೇರೆ ತೋರಿಸಿ ಚರ್ಚೆ ಮಾಡುವುದಕ್ಕೆ ದಾರಿ ಇದೆ. ಮುಚ್ಚಿಡುವುದಕ್ಕೆ ಮಾತ್ರ ದಾರಿ ಇಲ್ಲ.

ಈಗ ಅನುವಾದ. ನೀವು ಲಗತ್ತಿಸಿದ ಹಾಳೆಯಲ್ಲಿ ಒಂದು ಪ್ರಶ್ನೆ ಹೀಗಿದೆ: 'ನಿಮ್ಮ ಜೀವನದ ಮಹತ್ವದ ಸಂಗತಿಗಳನ್ನು ನಿಯಂತ್ರಿಸಲು ಅಸಮರ್ಥರಾಗಿದ್ದೀರಿ ಎಂದು ಎಷ್ಟು ಬಾರಿ ಭಾವಿಸಿದ್ದೀರಿ?' ಇದನ್ನು ದೋಸೆ ಕಾವಲಿಯ ಮುಂದೆ ಬೆಳಿಗ್ಗೆ ಆರರಿಂದ ನಿಂತವರ ಕೈಗೆ ಕೊಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅಂದುಕೊಳ್ಳಿ. ಅವರು ಓದಬಲ್ಲರು, ಆದರೆ 'ಅಸಮರ್ಥ' ಅನ್ನುವಲ್ಲಿ ಕಣ್ಣು ನಿಲ್ಲುತ್ತದೆ. ಇಂಥದೇ ಪ್ರಶ್ನೆಯನ್ನು ಮಾಟುಂಗಾದಲ್ಲಿ ಒಬ್ಬ ಅಡುಗೆಯವರಿಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, 'ಕಂಟ್ರೋಲ್ ಮಾಡೋದು ಸೇಠ್ ಅಲ್ವಾ? ನಾನ್ಯಾಕೆ ಮಾಡ್ಬೇಕು?' ಅಂದರು. ಆಮೇಲೆ 'ಎಂದೂ ಇಲ್ಲ'ಕ್ಕೆ ಟಿಕ್ ಹಾಕಿದರು. ಕಾಗದದಲ್ಲಿ ಸೊನ್ನೆ ಬಿತ್ತು. ಒತ್ತಡವೇ ಇಲ್ಲದ ಮನುಷ್ಯ ಅಂತ ಆಯಿತು. ಐದು ನಿಮಿಷ ಕೂತು ಮಾತಾಡಿದರೆ, ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿದೆ, ರಜೆ ಸಿಗುತ್ತದೋ ಇಲ್ಲವೋ ಅಂತ ಮೂರು ವಾರದಿಂದ ನಿದ್ದೆ ಇಲ್ಲ. ಪ್ರಶ್ನೆ ಅವರನ್ನು ಮುಟ್ಟಲೇ ಇಲ್ಲ. ಇಂಥ ಉತ್ತರ ನಿಮ್ಮ 120ರಲ್ಲಿ ಎಷ್ಟಿವೆ ಅಂತ ಯಾವ ಆಲ್ಫಾದಿಂದಲೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಕನ್ನಡದಿಂದ ಇನ್ನೊಬ್ಬರು ಇಂಗ್ಲಿಷಿಗೆ ಮರಳಿ ಅನುವಾದ ಮಾಡಿ, ಮೂಲದ ಜೊತೆ ಹೋಲಿಸುವ ಪದ್ಧತಿ ಇದೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಇದನ್ನು ವಿವರವಾಗಿ ಬರೆದರು. ಮಾಡಿ, ಒಳ್ಳೆಯದೇ. ಆದರೆ ಅದನ್ನೇ ನಂಬಿ ಕೂರಬೇಡಿ. ಮೇಲಿನ ವಾಕ್ಯವನ್ನು ಓದಿದ ಯಾವುದೇ ಎಂ.ಎ. ಪದವೀಧರರು ಅದನ್ನು ಸೊಗಸಾಗಿ ಇಂಗ್ಲಿಷಿಗೆ ಮರಳಿಸುತ್ತಾರೆ. ಪರೀಕ್ಷೆ ಪಾಸಾಗುತ್ತದೆ. ಕಾವಲಿಯ ಮುಂದೆ ನಿಂತವರಿಗೆ ಅದು ಅರ್ಥವಾಯಿತಾ ಅನ್ನುವುದು ಆಗಲೂ ಗೊತ್ತಾಗಿರುವುದಿಲ್ಲ.

ಇನ್ನೊಂದು ವಿಷಯ ಮುಂಬೈಯಲ್ಲಿ ಮಾತ್ರ ಹೊಳೆಯುವಂಥದು. ನೀವು 'ಕನ್ನಡಿಗ ಹೋಟೆಲ್ ಕೆಲಸಗಾರರು' ಅಂತ ಬರೆದಿದ್ದೀರಿ. ಉಡುಪಿ ಹೋಟೆಲ್‌ಗಳಲ್ಲಿ ಮನೆಮಾತು ತುಳು ಇರುವವರು ಎಷ್ಟೋ ಜನ. ಕೊಂಕಣಿಯವರಿದ್ದಾರೆ. ಕುಂದಾಪುರದವರ ಕನ್ನಡ ಬೇರೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದವರ ಕನ್ನಡ ಇನ್ನೂ ಬೇರೆ. ತುಳುವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಮನಸ್ಸಿನ ಬೇಸರವನ್ನು ಅವರು ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತಾರೆ? ಕರಾವಳಿಯವರು 'ತಲೆಬಿಸಿ' ಅನ್ನುತ್ತಾರೆ, ಉತ್ತರ ಕರ್ನಾಟಕದವರು 'ತ್ರಾಸ' ಅನ್ನುತ್ತಾರೆ, 'ಟೆನ್ಷನ್' ಎಲ್ಲರಿಗೂ ಗೊತ್ತು, 'ಒತ್ತಡ' ಪೇಪರ್ ಓದುವವರಿಗೆ ಗೊತ್ತು. ಎರಡು ಗುಂಪಿನವರೂ ಒಂದೇ ಪ್ರಶ್ನೆಯನ್ನು ಒಂದೇ ಥರ ತಿಳಿದುಕೊಂಡರಾ ಅನ್ನುವುದು ಖಾತ್ರಿಯಾಗದೆ ಅವರ ಸ್ಕೋರ್ ಹೋಲಿಸುವ ಹಾಗಿಲ್ಲ. ಫಾರ್ಮ್‌ನಲ್ಲಿ ಮನೆಮಾತು ಕೇಳಿದ್ದೀರಾ? ಕೇಳಿದ್ದರೆ ದೊಡ್ಡ ಉಪಕಾರವಾಯಿತು.

ಈ ಕೆಲಸವನ್ನು ನಮ್ಮ ಭಾಷೆಯಲ್ಲಿ ಬಹಳ ಹಿಂದೆಯೇ ಗಂಭೀರವಾಗಿ ಮಾಡಿದವರಿದ್ದಾರೆ, ಡಿಸರ್ಟೇಶನ್‌ನಲ್ಲಿ ಅವರನ್ನು ನೆನೆಯಿರಿ. ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಅಲ್ಲಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಆಲ್ಫ್ರೆಡ್ ಬಿನೆ ಪ್ಯಾರಿಸ್‌ನಲ್ಲಿ 1905ರಲ್ಲಿ ಶುರು ಮಾಡಿದ ಪರೀಕ್ಷೆ, 1916ರಲ್ಲಿ ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ಬಿನೆ ಆಗಿ, ಧಾರವಾಡಕ್ಕೆ ಬಂದಾಗ ಬರೀ ಭಾಷಾಂತರ ಆಗಿ ನಿಲ್ಲಲಿಲ್ಲ. ಇಲ್ಲಿನ ಮಕ್ಕಳಿಗೆ ಕೊಟ್ಟು, ಯಾವ ವಯಸ್ಸಿಗೆ ಯಾವ ಪ್ರಶ್ನೆ ಸರಿಹೋಗುತ್ತದೆ ಅಂತ ಮತ್ತೆ ನೋಡಿದರು. ಬಿನೆ-ಕಾಮತ್ ಪರೀಕ್ಷೆ ಅಂತ ನೀವು ಪ್ರಾಕ್ಟಿಕಲ್‌ನಲ್ಲಿ ಹೆಸರು ಕೇಳಿರುತ್ತೀರಿ, ಅದೇ ಇದು. ಇದರಲ್ಲಿ ಇನ್ನೊಂದು ಪಾಠವೂ ಇದೆ. ಆ ಕಾಲದ ಮಕ್ಕಳ ಮೇಲೆ ಕಟ್ಟಿದ ನಾರ್ಮ್ಸ್, ಅಂದರೆ ಹೋಲಿಸಿ ನೋಡುವ ಅಂಕಿಗಳು, ಇಂದಿನ ಮಕ್ಕಳಿಗೆ ಹಾಗೇ ಹೊಂದುವುದಿಲ್ಲ. ಜೇಮ್ಸ್ ಫ್ಲಿನ್ 1987ರಲ್ಲಿ 14 ದೇಶಗಳ ಅಂಕಿ ಇಟ್ಟು, ತಲೆಮಾರಿನಿಂದ ತಲೆಮಾರಿಗೆ ಬುದ್ಧಿಪರೀಕ್ಷೆಯ ಸ್ಕೋರ್ ಏರುತ್ತಾ ಬಂದಿದೆ ಅಂತ ತೋರಿಸಿದರು. ಒಂದು ಕಾಲದಲ್ಲಿ ಸಿಕ್ಕ ಪುರಾವೆ ಎಲ್ಲ ಕಾಲಕ್ಕೂ ಆಗುವುದಿಲ್ಲ.

ಎರಡನೆಯ ಮಾತಿಗೆ ಬರುತ್ತೇನೆ, ಶೇ. 65. ಇದನ್ನು ದಯವಿಟ್ಟು ತೆಗೆದುಬಿಡಿ. ನಿಮ್ಮ ಆರು ಪ್ರಶ್ನೆಗಳಿಗೂ ಒಬ್ಬರು ನಡುವಿನ ಕಾಲಮ್‌ಗೆ, 'ಕೆಲವೊಮ್ಮೆ'ಗೆ, ಟಿಕ್ ಹಾಕಿದರೆ ಎಷ್ಟು ಬರುತ್ತದೆ ಲೆಕ್ಕ ಹಾಕಿ. ಆರು ಎರಡಲ ಹನ್ನೆರಡು. ಅವರು ನಿಮ್ಮ ಪಟ್ಟಿಯಲ್ಲಿ ತೀವ್ರ ಒತ್ತಡದವರು! ಸಂಜೆ ಚಹಾದ ಹೊತ್ತು ಶುರುವಾಗುವ ಮೊದಲು ಬೇಗ ಮುಗಿಸೋಣ ಅಂತ ನಡುವೆ ಗೀರಿ ಕೊಟ್ಟವರೂ ಅದರಲ್ಲಿ ಸೇರಿದ್ದಾರೆ. 78ರಲ್ಲಿ ಸರಿಯಾಗಿ 12 ಬಂದವರು ಎಷ್ಟು ಅಂತ ಎಣಿಸಿ ನೋಡಿ. ಇದಕ್ಕಿಂತ ದೊಡ್ಡ ವಿಷಯ, ಈ ಸ್ಕೇಲಿಗೆ ಕಟ್-ಆಫ್ ಇಲ್ಲ. ಇದು ರೋಗ ಪತ್ತೆಯ ಸಾಧನ ಅಲ್ಲ ಅಂತ ಮಾಡಿದವರೇ ಹೇಳಿದ್ದಾರೆ. ಒಂದು ಗುಂಪಿನ ಸರಾಸರಿಯನ್ನು ಇನ್ನೊಂದರ ಜೊತೆ ಹೋಲಿಸಬಹುದು, ಅಷ್ಟೇ. ಇಂಟರ್ನೆಟ್‌ನಲ್ಲಿ ಓಡಾಡುವ ಕಡಿಮೆ, ಮಧ್ಯಮ, ತೀವ್ರ ಅನ್ನುವ ಗಡಿಗಳನ್ನು ನಂಬಬೇಡಿ.

ಕಟ್-ಆಫ್ ಇಡಬೇಕಾದರೆ ಏನು ಮಾಡಬೇಕು ಅಂತ ನೋಡುವುದಕ್ಕೆ ಪಿಎಚ್‌ಕ್ಯೂ-9 ಒಳ್ಳೆಯ ಉದಾಹರಣೆ. ಖಿನ್ನತೆಯ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 2001ರ ಅಧ್ಯಯನದಲ್ಲಿ 580 ರೋಗಿಗಳನ್ನು ಮಾನಸಿಕ ಆರೋಗ್ಯ ತಜ್ಞರು ಬೇರೆಯಾಗಿ ಸಂದರ್ಶನ ಮಾಡಿದರು. ಆಮೇಲೆ ಎರಡನ್ನೂ ಹೋಲಿಸಿದರು. 10 ಅಂಕದ ಗಡಿ ಇಟ್ಟರೆ, ನಿಜವಾಗಿ ಖಿನ್ನತೆ ಇದ್ದವರಲ್ಲಿ ಶೇ. 88 ಜನ ಸಿಕ್ಕಿದರು. ಇಲ್ಲದವರಲ್ಲಿ ಶೇ. 88 ಜನ ಸರಿಯಾಗಿ ಹೊರಗುಳಿದರು. ಇದಕ್ಕೆ ಕ್ರೈಟೀರಿಯನ್ ವ್ಯಾಲಿಡಿಟಿಯ ಪುರಾವೆ ಅನ್ನುತ್ತಾರೆ: ಸ್ಕೋರನ್ನು ಹೊರಗಿನ ಒಂದು ಗಟ್ಟಿ ಅಳತೆಯ ಪಕ್ಕ ಇಟ್ಟು ನೋಡುವುದು. ಇಷ್ಟು ಒಳ್ಳೆಯ ಸಾಧನದಲ್ಲೂ ಒಂದು ಲೆಕ್ಕ ಮಾಡಿ ನೋಡಿ. ಸಾವಿರ ಜನರಲ್ಲಿ ನೂರು ಜನರಿಗೆ ಖಿನ್ನತೆ ಇದೆ ಅಂದುಕೊಳ್ಳೋಣ. ನೂರರಲ್ಲಿ 88 ಜನ ಸಿಕ್ಕಿದರು. ಉಳಿದ 900ರಲ್ಲಿ ಶೇ. 12, ಅಂದರೆ 108 ಜನ, ಸುಮ್ನೆ ಸಿಕ್ಕಿಬಿದ್ದರು. ಒಟ್ಟು 196 ಜನ ಗಡಿ ದಾಟಿದರು, ಅವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಖಿನ್ನತೆ ಇದೆ. ಮುಂದಿನ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ತಿಳಿಯಲು ಇದು ಸಾಕು. 'ನಿಮಗೆ ಖಿನ್ನತೆ ಇದೆ' ಅಂತ ಒಬ್ಬರ ಮುಖಕ್ಕೆ ಹೇಳಲು ಸಾಲದು.

ಮಾಲೀಕರಿಗೆ ಸ್ಕೋರ್ ಕೊಡಬೇಡಿ ಅಂದದ್ದರ ಎರಡನೆಯ ಕಾರಣ ಇದೇ. ಕಟ್-ಆಫ್ ಪುರಾವೆ ಇರುವ ಸಾಧನದಲ್ಲೇ ಹೀಗಾದರೆ, ಕಟ್-ಆಫ್ ಇಲ್ಲದ ಸ್ಕೇಲಿನ, ಪೂರ್ತಿ ಪರೀಕ್ಷಿಸದ ಅನುವಾದದ, ಆರು ಪ್ರಶ್ನೆಗಳ ಅಂಕಿಯಿಂದ ಒಬ್ಬ ಹುಡುಗನ ಬಗ್ಗೆ ಏನು ಹೇಳಲು ಸಾಧ್ಯ? 'ಇವನಿಗೆ ಟೆನ್ಷನ್ ಜಾಸ್ತಿ, ಗಲ್ಲಾದಲ್ಲಿ ಕೂರಿಸುವುದು ಬೇಡ' ಅಂತ ಒಬ್ಬರು ತೀರ್ಮಾನ ಮಾಡಿದರೆ ಆ ಹುಡುಗನ ಸಂಬಳಕ್ಕೆ ಪೆಟ್ಟು. ಮಾಲೀಕರ ಉದ್ದೇಶ ಒಳ್ಳೆಯದೇ ಇರಬಹುದು. ಸ್ಕೋರಿಗೆ ಮಾತ್ರ ಆ ಭಾರ ಹೊರುವ ಶಕ್ತಿ ಇಲ್ಲ. ಅವರಿಗೆ ನಿಜವಾಗಿ ಕಾಳಜಿ ಇದ್ದರೆ ಎಲ್ಲ ಹೋಟೆಲ್‌ಗಳೂ ಸೇರಿದ ಒಟ್ಟು ಫಲಿತಾಂಶ ಕೊಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಚೀಟಿಯನ್ನು ಕೆಲಸಗಾರರ ಕೋಣೆಯಲ್ಲಿ ಅಂಟಿಸಲು ಹೇಳಿ. ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಮೂರನೆಯದು ರಾತ್ರಿ ಶಾಲೆ. ಹಗಲು ತಟ್ಟೆ ಎತ್ತಿ ರಾತ್ರಿ ಪುಸ್ತಕ ಹಿಡಿದ ಹುಡುಗರ ದೊಡ್ಡ ಪರಂಪರೆ ಮುಂಬೈ ಕನ್ನಡಿಗರಲ್ಲಿದೆ. ಅದರಿಂದ ಒಳ್ಳೆಯದಾಗುತ್ತದೆ ಅಂತ ನಿಮಗೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಜಾಸ್ತಿ ಎಚ್ಚರ ಬೇಕು. ಯಾರು ಶಾಲೆಗೆ ಹೋಗುತ್ತಾರೆ ಅಂತ ಯೋಚಿಸಿ. ಸಂಜೆ ಬಿಡುವ ಮಾಲೀಕರು ಸಿಕ್ಕವರು. ಶಿಫ್ಟ್ ಕಡಿಮೆ ಇರುವವರು. ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಮದುವೆ ಆಗದವರು, ಊರಿಗೆ ದುಡ್ಡು ಕಳಿಸುವ ಹೊರೆ ಅಷ್ಟಾಗಿ ಇಲ್ಲದವರು. ಇವರಿಗೆ ಶಾಲೆಗೆ ಸೇರುವ ಮೊದಲೇ ಒತ್ತಡ ಕಡಿಮೆ ಇದ್ದಿರಬಹುದು. ತುಂಬಾ ಒತ್ತಡ ಇದ್ದವರು ಸೇರಿ, ಅರ್ಧದಲ್ಲೇ ಬಿಟ್ಟಿರಬಹುದು, ಅವರು ನಿಮ್ಮ ಲೆಕ್ಕದಲ್ಲಿ 'ಶಾಲೆಗೆ ಹೋಗದವರು' ಆಗಿದ್ದಾರೆ. ಶಾಲೆ ಏನೂ ಮಾಡದಿದ್ದರೂ ನಿಮ್ಮ ಫಲಿತಾಂಶ ಹೀಗೇ ಬರುತ್ತಿತ್ತು. 'ಇದರಿಂದ ಅದು ಆಯಿತು' ಅನ್ನುವ ಮಾತಿಗೆ ಬೇಕಾದ ಪುರಾವೆಗೆ ಇಂಟರ್ನಲ್ ವ್ಯಾಲಿಡಿಟಿ ಅಂತ ಹೆಸರು. ಡೊನಾಲ್ಡ್ ಕ್ಯಾಂಬೆಲ್ 1957ರಲ್ಲಿ ಇದನ್ನೂ ಎಕ್ಸ್‌ಟರ್ನಲ್ ವ್ಯಾಲಿಡಿಟಿಯನ್ನೂ (ಫಲಿತಾಂಶ ಬೇರೆ ಜನರಿಗೂ ಹೊಂದುತ್ತದಾ ಅನ್ನುವುದು) ಬೇರೆ ಮಾಡಿ ತೋರಿಸಿದರು. 1963ರಲ್ಲಿ ಜೂಲಿಯನ್ ಸ್ಟ್ಯಾನ್ಲಿ ಜೊತೆ ಬರೆದ ಸಣ್ಣ ಪುಸ್ತಕದಲ್ಲಿ, ಇದನ್ನು ಕೆಡಿಸುವ ಕಾರಣಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ನಿಮ್ಮಲ್ಲಿರುವುದು ಅದರಲ್ಲಿ ಸೆಲೆಕ್ಷನ್ ಅನ್ನುವ ತೊಂದರೆ, ಅಂದರೆ ಹೋಲಿಸುವ ಗುಂಪುಗಳು ಮೊದಲೇ ಬೇರೆಯಾಗಿರುವುದು.

ದೊಡ್ಡ ದೊಡ್ಡವರ ಅಧ್ಯಯನಕ್ಕೂ ಇದು ಕಾಡಿದೆ. ಒಂದು ಮಿಠಾಯಿ ಈಗ ಬೇಕಾ, ಸ್ವಲ್ಪ ಕಾದರೆ ಎರಡು ಕೊಡುತ್ತೇನೆ ಅನ್ನುವ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೋ ಪ್ರಯೋಗ ನೀವು ಓದಿರುತ್ತೀರಿ. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಅಂತ ಪಾಠಗಳಲ್ಲೆಲ್ಲ ಬಂತು. 2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ ಅನ್ನುವವರು 900ಕ್ಕಿಂತ ಹೆಚ್ಚು ಮಕ್ಕಳ ಅಂಕಿ ಹಿಡಿದು ಮತ್ತೆ ನೋಡಿದರು. ಸಂಬಂಧ ಕಂಡಿತು, ಆದರೆ ಮೊದಲಿನದಕ್ಕಿಂತ ಅರ್ಧದಷ್ಟು. ಮನೆಯ ಪರಿಸ್ಥಿತಿ ಮತ್ತು ಮಗುವಿನ ಆರಂಭದ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದೂ ಬಹಳ ಮಟ್ಟಿಗೆ ಕರಗಿತು.

ಎಕ್ಸ್‌ಟರ್ನಲ್ ವ್ಯಾಲಿಡಿಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪರಿಚಯದ ಹೋಟೆಲ್‌ಗಳಿಂದ ತೆಗೆದ 120 ಜನರಿಂದ 'ಮುಂಬೈ ಕನ್ನಡಿಗರು' ಅನ್ನುವ ಶೀರ್ಷಿಕೆಗೆ ಹಾರುವ ಹಾಗಿಲ್ಲ. ಶೀರ್ಷಿಕೆ ಚಿಕ್ಕದು ಮಾಡಿ, ಎಲ್ಲಿಂದ ಹೇಗೆ ಆಯ್ದಿರಿ ಅಂತ ಬಿಡಿಸಿ ಬರೆಯಿರಿ.

ಎರಡು ತಿಂಗಳಲ್ಲಿ ಏನಾಗುತ್ತದೆ? ಬೇಕಾದಷ್ಟು ಆಗುತ್ತದೆ. ಮೊದಲು ಎಂಟು ಹತ್ತು ಜನರ ಜೊತೆ ಕೂತು ಮಾತಾಡಿ. ಮಧ್ಯಾಹ್ನ ಊಟದ ರಶ್ ಮುಗಿದು ಚಹಾ ಶುರುವಾಗುವ ಮೊದಲು ಸ್ವಲ್ಪ ಬಿಡುವಿರುತ್ತದೆ. ಹೋಟೆಲ್ ಒಳಗೆ ಬೇಡ, ಹೊರಗೆ ಎಲ್ಲಾದರೂ ಕೂರಿ. ಒಂದೊಂದೇ ಪ್ರಶ್ನೆ ಓದಿ, ಉತ್ತರ ಬಂದ ಮೇಲೆ 'ಇದನ್ನ ಕೇಳಿದಾಗ ನಿಮಗೆ ಏನು ನೆನಪಾಯ್ತು?' ಅಂತ ಕೇಳಿ. 'ನಿಮ್ಮ ಮಾತಲ್ಲಿ ಹೇಳೋದಾದ್ರೆ ಹೇಗೆ ಹೇಳ್ತೀರಿ?' ಅಂತಲೂ ಕೇಳಿ. ಅವರು ಕೊಟ್ಟ ಮಾತುಗಳನ್ನು ಬರೆದುಕೊಳ್ಳಿ. ಇದಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುತ್ತಾರೆ. ವ್ಯಾಲಿಡಿಟಿಗೆ ಪುರಾವೆ ಅಂತ ಡಿಸರ್ಟೇಶನ್‌ನಲ್ಲಿ ಹೆಮ್ಮೆಯಿಂದ ಹಾಕಬಹುದು. ತುಳು ಮನೆಮಾತಿನ ಇಬ್ಬರು ಮೂವರು, ಉತ್ತರ ಕರ್ನಾಟಕದ ಇಬ್ಬರು ಮೂವರು ಅದರಲ್ಲಿ ಇರಲೇಬೇಕು.

ಆಮೇಲೆ ಅನುವಾದ ತಿದ್ದಿ, ಹತ್ತೂ ಪ್ರಶ್ನೆ ಇಟ್ಟುಕೊಂಡು, 40-50 ಜನರಿಗೆ ಮತ್ತೆ ಕೊಡಿ, ಮ್ಯಾನೇಜರ್ ಇಲ್ಲದ ಜಾಗದಲ್ಲಿ. ಓದಲು ಕಷ್ಟ ಇರುವವರಿಗೆ ನೀವೇ ಓದಿ ಹೇಳಿ. ಜೊತೆಗೆ ಒಂದೆರಡು ಸರಳ ವಿಷಯ ಕೇಳಿ: ರಾತ್ರಿ ಎಷ್ಟು ಗಂಟೆ ನಿದ್ದೆ, ದಿನಕ್ಕೆ ಎಷ್ಟು ಗಂಟೆ ಕೆಲಸ, ಕಳೆದ ತಿಂಗಳು ಎಷ್ಟು ದಿನ ರಜೆ ಸಿಕ್ಕಿತು. ಸ್ಕೋರ್ ನಿಜವಾಗಿ ಒತ್ತಡದ್ದೇ ಆಗಿದ್ದರೆ ನಿದ್ದೆಯ ಜೊತೆ ಅದಕ್ಕೆ ಸಂಬಂಧ ಕಾಣಬೇಕು. ಎಷ್ಟನೇ ಕ್ಲಾಸು ಓದಿದ್ದಾರೆ ಅನ್ನುವುದರ ಜೊತೆ ನಿದ್ದೆಗಿಂತ ಜಾಸ್ತಿ ಸಂಬಂಧ ಕಂಡರೆ ಅನುಮಾನ ಪಡಿ, ನೀವು ಒತ್ತಡದ ಬದಲು ಓದುವ ಸಾಮರ್ಥ್ಯವನ್ನು ಅಳೆಯುತ್ತಿರಬಹುದು. ಸಂಬಂಧ ಇರಬೇಕಾದ ಕಡೆ ಇದೆಯಾ, ಇರಬಾರದ ಕಡೆ ಇಲ್ಲವಾ ಅಂತ ಎರಡನ್ನೂ ನೋಡಬೇಕು ಅನ್ನುವುದು ಕ್ಯಾಂಬೆಲ್ ಮತ್ತು ಡೊನಾಲ್ಡ್ ಫಿಸ್ಕ್ 1959ರಲ್ಲಿ ಹಾಕಿಕೊಟ್ಟ ದಾರಿ. ಪಿಎಚ್‌ಕ್ಯೂ-9 ಸೇರಿಸುವ ಆಸೆ ಬಂದರೆ ಗೈಡ್ ಜೊತೆ ಮಾತಾಡದೆ ಸೇರಿಸಬೇಡಿ. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಯಾರಾದರೂ 'ಹೌದು' ಅಂದರೆ ಅದೇ ದಿನ ಅವರನ್ನು ಯಾರ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನುವುದು ಮೊದಲೇ ಗೊತ್ತಿರಬೇಕು.

ಬರೆಯುವಾಗ 0.61 ಮತ್ತು 0.88 ಎರಡನ್ನೂ ಬರೆಯಿರಿ. ಯಾವ ಪ್ರಶ್ನೆ ತೆಗೆದಾಗ ಏನಾಯಿತು, ಫಾರ್ಮ್‌ಗಳಲ್ಲಿ ಏನು ಕಂಡಿತು ಅಂತ ಒಂದು ಪುಟ ಬರೆದರೆ, ಪರೀಕ್ಷಕರು ಮೊದಲು ಓದುವ ಪುಟ ಅದೇ ಆಗುತ್ತದೆ. ರಾತ್ರಿ ಶಾಲೆಯ ಭಾಗಕ್ಕೆ ಈ ಅರ್ಥ ಬರುವ ಹಾಗೆ ಬರೆಯಿರಿ: 'ಈ ಅಧ್ಯಯನದಲ್ಲಿ ರಾತ್ರಿ ಶಾಲೆಗೆ ಹೋಗುವವರ ಸ್ಕೋರ್ ಉಳಿದವರಿಗಿಂತ ಕಡಿಮೆ ಇತ್ತು. ವಯಸ್ಸು, ಮದುವೆ, ಕೆಲಸದ ಅವಧಿ ಇವುಗಳಲ್ಲಿ ಎರಡು ಗುಂಪುಗಳು ಬೇರೆಯಾಗಿರಬಹುದು. ಆದ್ದರಿಂದ ಶಾಲೆಯೇ ಕಾರಣ ಎಂದು ಈ ಅಂಕಿಗಳಿಂದ ಹೇಳಲಾಗದು.' ಶೇ. 65ರ ಜಾಗದಲ್ಲಿ ಸರಾಸರಿ ಹಾಕಿ, ಜೊತೆಗೆ ಸ್ಕೋರ್‌ಗಳು ಎಲ್ಲಿಂದ ಎಲ್ಲಿವರೆಗೆ ಹರಡಿವೆ ಅಂತ ತೋರಿಸಿ. ಇವೆಲ್ಲಕ್ಕಿಂತ ಮೊದಲು ಆ ನಾಲ್ಕು ಪ್ರಶ್ನೆಗಳ ರಿವರ್ಸ್ ಸ್ಕೋರಿಂಗ್ ನೋಡಿ. ಅಲ್ಲಿ ಏನು ಸಿಕ್ಕಿತು ಅಂತ ಗೈಡ್‌ಗೆ ಈ ವಾರವೇ ತೋರಿಸಿ.